ಜಂತುಹುಳುವಿನ ಮಾತ್ರೆ ಮತ್ತು ಮನೆಮಾತಿನ ರಸಾಯನ

(ತೊರಪಲ್ಲಿ ಅಗ್ರಹಾರದಲ್ಲಿ ಕನ್ನಡ ಮಾಧ್ಯಮ ವಿದ್ಯಾರ್ಥಿಗಳ ಪೋಷಕರ ಮುಂದೆ ಮಾಡಿದ ಭಾಷಣದ ಬರಹ ರೂಪ)



ವರ್ಷಕ್ಕೆ ಎರಡು ಸಲ, ಸಾಮಾನ್ಯವಾಗಿ ಫೆಬ್ರವರಿ ಮತ್ತು ಆಗಸ್ಟ್ ತಿಂಗಳಲ್ಲಿ, ನಿಮ್ಮ ಮಕ್ಕಳಿಗೆ ಶಾಲೆಯಲ್ಲಿ ಒಂದು ಮಾತ್ರೆ ಕೊಡುತ್ತಾರೆ. ಟೀಚರ್ ಎದುರಿಗೇ ಅಗಿದು ನುಂಗಬೇಕು. 2015ರ ಫೆಬ್ರವರಿ 10ರಂದು ಆರಂಭವಾದ ರಾಷ್ಟ್ರೀಯ ಜಂತುಹುಳು ನಿವಾರಣಾ ದಿನದ ಮಾತ್ರೆ ಅದು. ಒಂದರಿಂದ ಹತ್ತೊಂಬತ್ತು ವರ್ಷದವರೆಗಿನ ಎಲ್ಲ ಮಕ್ಕಳಿಗೂ ಕೊಡುತ್ತಾರೆ. ಮಾತ್ರೆಯ ಹೆಸರು ಆಲ್ಬೆಂಡಜೋಲ್. ಅದರಲ್ಲಿರುವ ಔಷಧ 400 ಮಿಲಿಗ್ರಾಂ. ಎರಡು ವರ್ಷ ತುಂಬದ ಕೂಸುಗಳಿಗೆ ಅದರ ಅರ್ಧ.

ಸಂಜೆ ಮನೆಗೆ ಬಂದ ಮಗು, "ಅಮ್ಮಾ, ಈ ಮಾತ್ರೆಯನ್ನು ಯಾವುದರಿಂದ ಮಾಡುತ್ತಾರೆ? ಹುಳು ಸಾಯುತ್ತದೆ ಅಂದರೆ ನನಗೆ ಯಾಕೆ ಏನೂ ಆಗುವುದಿಲ್ಲ?" ಎಂದು ಕೇಳಿದರೆ ನೀವು ಏನು ಹೇಳುತ್ತೀರಿ? "ಅದೆಲ್ಲಾ ಇಂಗ್ಲಿಷ್‌ನಲ್ಲಿ ಇರುತ್ತದೆ, ನಮಗೆ ತಿಳಿಯುವುದಿಲ್ಲ" ಎಂದು ಸುಮ್ಮನಾಗಿಸುವವರೇ ಹೆಚ್ಚು. ಈ ಒಂದು ಮಾತು ಮಗುವಿನ ಪ್ರಶ್ನೆಯನ್ನೂ ಮುಗಿಸುತ್ತದೆ, ಕನ್ನಡ ಶಾಲೆಯ ಮೇಲಿನ ನಂಬಿಕೆಯನ್ನೂ ಸ್ವಲ್ಪ ಸವೆಸುತ್ತದೆ. ರಸಾಯನಶಾಸ್ತ್ರ ಕನ್ನಡದಲ್ಲಿ ಸಾಧ್ಯವಿಲ್ಲ ಎಂದು ನಂಬಿ ಮಗುವನ್ನು ಬೇರೆ ಮಾಧ್ಯಮಕ್ಕೆ ಸೇರಿಸಬೇಕೆಂದು ಯೋಚಿಸುತ್ತಿರುವವರು ನಿಮ್ಮಲ್ಲೂ ಇರಬಹುದು. ಆದ್ದರಿಂದ ಇಂದು ಭಾಷೆಯ ಹಕ್ಕಿನ ಬಗ್ಗೆ ಬರೀ ಕಾನೂನಿನ ಮಾತು ಆಡುವ ಬದಲು, ಈ ಒಂದು ಮಾತ್ರೆಯನ್ನು ಹಿಡಿದುಕೊಂಡು ಅದರ ರಸಾಯನವನ್ನು ಪೂರ್ತಿಯಾಗಿ ಕನ್ನಡದಲ್ಲೇ ಹೇಳುತ್ತೇನೆ. ಕೇಳಿದ ಮೇಲೆ ಸಾಧ್ಯವೋ ಇಲ್ಲವೋ ನೀವೇ ತೀರ್ಮಾನಿಸಿ.

ಈ ಮಾತಿಗೆ ತೊರಪಲ್ಲಿಗಿಂತ ತಕ್ಕ ಊರು ಇನ್ನೊಂದಿಲ್ಲ. 1878ರ ಡಿಸೆಂಬರ್ 10ರಂದು ರಾಜಾಜಿಯವರು ಹುಟ್ಟಿದ್ದು ಇಲ್ಲಿ. ಅವರು ಗವರ್ನರ್ ಜನರಲ್ ಆಗಿದ್ದರು, ಮುಖ್ಯಮಂತ್ರಿ ಆಗಿದ್ದರು ಎಂಬುದು ಎಲ್ಲರಿಗೂ ಗೊತ್ತು. ಆದರೆ 1916ರಲ್ಲಿ, ಇನ್ನೂ ಸೇಲಂನಲ್ಲಿ ವಕೀಲರಾಗಿದ್ದಾಗ, ರಸಾಯನಶಾಸ್ತ್ರ, ಭೌತಶಾಸ್ತ್ರ, ಗಣಿತ ಮುಂತಾದ ವಿಷಯಗಳಿಗೆ ತಮಿಳು ಪದಗಳನ್ನು ರೂಪಿಸಲು ಅವರು ಒಂದು ಸಂಘ ಕಟ್ಟಿದರು. ಮುಂದೆ ಸಾಮಾನ್ಯ ಜನರಿಗಾಗಿ ತಮಿಳಿನಲ್ಲಿ ರಸಾಯನಶಾಸ್ತ್ರದ ಒಂದು ಪುಸ್ತಕವನ್ನೂ ಬರೆದರು. ಅದರ ಹೆಸರು 'ತಿಣ್ಣೈ ರಸಾಯನಂ'. ತಿಣ್ಣೈ ಎಂದರೆ ನಮ್ಮ ಜಗಲಿ. ಜಗಲಿಯ ಮೇಲೆ ಕೂತು ಮಾತನಾಡುವಷ್ಟು ಸಲೀಸಾಗಿ ರಸಾಯನಶಾಸ್ತ್ರವನ್ನು ತಾಯಿನುಡಿಯಲ್ಲಿ ಹೇಳಬಹುದು ಎಂಬುದು ಅವರ ನಂಬಿಕೆ.

ಅದೇ ಕಾಲದಲ್ಲಿ ಬೆಂಗಳೂರಿನಲ್ಲಿ ನಮ್ಮವರೂ ಸುಮ್ಮನಿರಲಿಲ್ಲ. ರಾಜಾಜಿಯವರು ಓದಿದ ಸೆಂಟ್ರಲ್ ಕಾಲೇಜಿನಲ್ಲೇ ಭೌತಶಾಸ್ತ್ರ ಪಾಠ ಹೇಳುತ್ತಿದ್ದ ಬೆಳ್ಳಾವೆ ವೆಂಕಟನಾರಣಪ್ಪನವರು, ನಂಗಪುರಂ ವೆಂಕಟೇಶ ಅಯ್ಯಂಗಾರ್ಯರ ಜೊತೆ ಸೇರಿ 1918ರಲ್ಲಿ 'ವಿಜ್ಞಾನ' ಎಂಬ ಕನ್ನಡ ಮಾಸಪತ್ರಿಕೆಯನ್ನು ಹೊರಡಿಸಿದರು. ನೂರು ವರ್ಷಕ್ಕೂ ಹಿಂದೆಯೇ ತಮಿಳಿನಲ್ಲೂ ಕನ್ನಡದಲ್ಲೂ ಕೈಹಾಕಿದ ಕೆಲಸ ಇದು. ಇಂದು ನಾವು ಹೊಸದಾಗಿ ಏನನ್ನೂ ಕೇಳುತ್ತಿಲ್ಲ.

ಮೊದಲು ಹುಳುವಿನ ವಿಷಯ. ಮಕ್ಕಳ ಹೊಟ್ಟೆಯಲ್ಲಿ ಮುಖ್ಯವಾಗಿ ಮೂರು ಬಗೆಯ ಜಂತುಗಳು ಸೇರಿಕೊಳ್ಳುತ್ತವೆ: ದುಂಡುಹುಳು, ಚಾಟಿಹುಳು, ಕೊಕ್ಕೆಹುಳು. ಮೂರೂ ಮಣ್ಣಿನ ಮೂಲಕವೇ ಬರುತ್ತವೆ. ಒಂದು ಹೆಣ್ಣು ದುಂಡುಹುಳು ದಿನಕ್ಕೆ ಸುಮಾರು ಎರಡು ಲಕ್ಷ ಮೊಟ್ಟೆ ಇಡುತ್ತದೆ. ಬಯಲಿನಲ್ಲಿ ಮಲವಿಸರ್ಜನೆ ಆದರೆ ಆ ಮೊಟ್ಟೆಗಳು ಮಣ್ಣು ಸೇರುತ್ತವೆ. ಅಲ್ಲಿಂದ ತೊಳೆಯದ ಕೈ, ತೊಳೆಯದ ಸೊಪ್ಪು, ಟೊಮೇಟೊ, ಕ್ಯಾರೆಟ್ ಮೂಲಕ ಬಾಯಿಗೆ ಬರುತ್ತವೆ. ಕೊಕ್ಕೆಹುಳುವಿನ ಮರಿ ಬಾಯಿಗೇ ಬರಬೇಕೆಂದಿಲ್ಲ. ಒದ್ದೆ ಮಣ್ಣಿನಲ್ಲಿ ಬರಿಗಾಲಿನಲ್ಲಿ ನಡೆದರೆ ಅಂಗಾಲಿನ ಚರ್ಮವನ್ನೇ ತೂರಿ ಒಳಗೆ ಹೋಗಿ, ರಕ್ತದಲ್ಲಿ ಸಾಗಿ, ಕೊನೆಗೆ ಸಣ್ಣ ಕರುಳನ್ನು ಸೇರಿ ಅಲ್ಲಿ ಕಚ್ಚಿಕೊಂಡು ರಕ್ತ ಹೀರುತ್ತದೆ. ತೋಟ, ಗದ್ದೆಗಳಲ್ಲಿ ಕೆಲಸ ಮಾಡುವ ನಮ್ಮಂಥವರ ಮನೆಯ ಮಕ್ಕಳಿಗೆ ಇದು ದೂರದ ವಿಷಯವಲ್ಲ. ರಕ್ತಹೀನತೆ, ಸುಸ್ತು, ಪಾಠದ ಕಡೆ ಗಮನ ಕಡಿಮೆಯಾಗುವುದು, ಬೆಳವಣಿಗೆ ಕುಂದುವುದು, ಇವೆಲ್ಲಕ್ಕೂ ಜಂತುಹುಳು ಒಂದು ಕಾರಣವಾಗಬಹುದು. ಇನ್ನೊಂದು ಜೀವದ ಒಳಗೆ ಅಥವಾ ಮೇಲೆ ಇದ್ದು ಅದರಿಂದಲೇ ಬದುಕುವ ಇಂಥವನ್ನು ಪರೋಪಜೀವಿ ಎನ್ನುತ್ತೇವೆ.

ಇನ್ನು ಮಾತ್ರೆಗೆ ಬರೋಣ. ಆಲ್ಬೆಂಡಜೋಲ್ ಒಂದು ಸಾವಯವ ಸಂಯುಕ್ತ. ಇಂಗಾಲದ ಪರಮಾಣುಗಳನ್ನು ಬೆನ್ನೆಲುಬಾಗಿ ಉಳ್ಳ ವಸ್ತು ಎಂದು ಅರ್ಥ. ಸಕ್ಕರೆ, ಎಣ್ಣೆ, ಹತ್ತಿ, ಅರಿಶಿನದ ಬಣ್ಣ ಎಲ್ಲವೂ ಇದೇ ಕುಲದವು. ಸಾವಯವ ಗೊಬ್ಬರ ಎನ್ನುವಾಗಿನ ಅರ್ಥ ಬೇರೆ, ಇಲ್ಲಿನ ಅರ್ಥ ಬೇರೆ. ಹಿಂದೆ ವಿದ್ವಾಂಸರು ಇಂಥ ವಸ್ತುಗಳನ್ನು ಜೀವಿಗಳ ಶರೀರ ಮಾತ್ರ ತಯಾರಿಸಬಲ್ಲುದು, ಮನುಷ್ಯನ ಕೈಯಿಂದ ಆಗದು ಎಂದು ತಿಳಿದಿದ್ದರು. 1828ರಲ್ಲಿ ಜರ್ಮನಿಯ ವೋಲರ್ ಎಂಬ ರಸಾಯನಜ್ಞರು ಅಮೋನಿಯಂ ಸಯನೇಟ್ ಎಂಬ ಲವಣವನ್ನು ಕಾಯಿಸಿ ಯೂರಿಯಾ ಪಡೆದರು. ಅಲ್ಲಿಯವರೆಗೆ ಯೂರಿಯಾ ಸಿಗುತ್ತಿದ್ದದ್ದು ಮೂತ್ರದಲ್ಲಿ. ಇಂದು ನೀವು ಸೊಸೈಟಿಯಿಂದ ಮೂಟೆಯಲ್ಲಿ ತಂದು ರಾಗಿ ಹೊಲಕ್ಕೆ ಹಾಕುವ ಯೂರಿಯಾ ಅದೇ. ಮೂತ್ರದ ಯೂರಿಯಾಕ್ಕೂ ಕಾರ್ಖಾನೆಯ ಯೂರಿಯಾಕ್ಕೂ ಒಂದು ಪರಮಾಣುವಿನಷ್ಟೂ ವ್ಯತ್ಯಾಸವಿಲ್ಲ. ಸರಳ ವಸ್ತುಗಳನ್ನು ಸೇರಿಸಿ ಬೇಕಾದ ಸಂಯುಕ್ತವನ್ನು ಕಟ್ಟುವ ಈ ಕೆಲಸಕ್ಕೆ ಸಂಶ್ಲೇಷಣೆ ಎಂದು ಹೆಸರು.

ಸಂಶ್ಲೇಷಣೆಗೂ ಪರೋಪಜೀವಿಗಳ ಔಷಧಕ್ಕೂ ನಂಟು ಹಳೆಯದು. ಮಲೇರಿಯಾ ಕೂಡ ಒಂದು ಪರೋಪಜೀವಿಯ ಕಾಯಿಲೆ. ಅದಕ್ಕೆ ಮದ್ದಾದ ಕ್ವಿನೀನನ್ನು ಸಿಂಕೋನಾ ಮರದ ತೊಗಟೆಯಿಂದ ಬೇರ್ಪಡಿಸಿದ್ದು 1820ರಲ್ಲಿ. ತೊಗಟೆ ಸಾಲದೆ ಬಂದಾಗ, 1856ರಲ್ಲಿ ಲಂಡನ್ನಿನ ಹದಿನೆಂಟು ವರ್ಷದ ಹುಡುಗ ಪರ್ಕಿನ್, ಕಲ್ಲಿದ್ದಲ ಡಾಂಬರಿನಿಂದ ಕ್ವಿನೀನ್ ಮಾಡಲು ಹೊರಟ. ಕ್ವಿನೀನ್ ಬರಲಿಲ್ಲ, ನೇರಳೆ ಬಣ್ಣ ಬಂತು. ಅದರಿಂದ ಕೃತಕ ಬಣ್ಣಗಳ ಉದ್ಯಮವೇ ಹುಟ್ಟಿತು. ಮುಂದೆ 1891ರಲ್ಲಿ ಎರ್ಲಿಕ್ ಎಂಬ ವೈದ್ಯರು ಮೆಥಿಲೀನ್ ಬ್ಲೂ ಎಂಬ ಕೃತಕ ಬಣ್ಣವನ್ನೇ ಮಲೇರಿಯಾ ರೋಗಿಗಳಿಗೆ ಕೊಟ್ಟು ಗುಣ ಕಂಡರು. ಒಂದು ಬಣ್ಣ ರೋಗಾಣುವಿಗೆ ಹಿಡಿಯುತ್ತದೆ, ಪಕ್ಕದ ಜೀವಕೋಶಕ್ಕೆ ಹಿಡಿಯುವುದಿಲ್ಲ. ಹಾಗಾದರೆ ರೋಗಾಣುವಿಗೆ ಮಾತ್ರ ಹಿಡಿಯುವ ವಿಷವನ್ನೂ ಕಟ್ಟಬಹುದಲ್ಲವೇ ಎಂಬುದು ಅವರ ಯೋಚನೆ. ಆ ದಾರಿಯಲ್ಲೇ ಮುಂದಿನ ಔಷಧಗಳೆಲ್ಲಾ ಬಂದವು.

ನಮ್ಮ ದೇಶದವರೂ ಈ ದಾರಿಯಲ್ಲಿ ನಡೆದಿದ್ದಾರೆ. ಕಲ್ಕತ್ತೆಯ ಉಪೇಂದ್ರನಾಥ ಬ್ರಹ್ಮಚಾರಿ ಅವರು 1920ರ ಸುಮಾರಿನಲ್ಲಿ ಗ್ಯಾಸ್ ಸೌಲಭ್ಯವಾಗಲಿ ನಲ್ಲಿ ನೀರಾಗಲಿ ಇಲ್ಲದ ಒಂದು ಸಣ್ಣ ಕೋಣೆಯಲ್ಲಿ ಯೂರಿಯಾ ಸ್ಟಿಬಮೈನ್ ಎಂಬ ಸಂಯುಕ್ತವನ್ನು ತಯಾರಿಸಿದರು. ಕಾಲಾ ಅಜಾರ್ ಎಂಬ ಮಾರಕ ಪರೋಪಜೀವಿ ರೋಗಕ್ಕೆ ಅದು ಮದ್ದಾಯಿತು. ನಮ್ಮ ನೆರೆಯ ತೆಲುಗು ನಾಡಿನ ಭೀಮವರಂನಲ್ಲಿ ಹುಟ್ಟಿ ಮದರಾಸಿನಲ್ಲಿ ವೈದ್ಯಕೀಯ ಓದಿದ ಯಲ್ಲಾಪ್ರಗಡ ಸುಬ್ಬರಾವ್ ಅವರು ಅಮೆರಿಕದ ಲೆಡರ್ಲಿ ಪ್ರಯೋಗಾಲಯದಲ್ಲಿ ಸಂಶೋಧನೆಯ ಮುಖ್ಯಸ್ಥರಾಗಿದ್ದರು. ಆನೆಕಾಲು ರೋಗದ ಹುಳುವಿಗೆ ಇಂದಿಗೂ ಕೊಡುವ ಡೈಇಥೈಲ್ ಕಾರ್ಬಮಜೀನ್ ಎಂಬ ಮಾತ್ರೆಯನ್ನು 1947ರಲ್ಲಿ ಹೊರತಂದದ್ದು ಅವರ ತಂಡ. ನಿಮ್ಮಲ್ಲಿ ಹಿರಿಯರಾದವರಿಗೆ ಚಿಕ್ಕಂದಿನಲ್ಲಿ ಹುಳುವಿಗೆಂದು ಕುಡಿಸುತ್ತಿದ್ದ ಪೈಪರಜೀನ್ ಸಿರಪ್ ನೆನಪಿರಬಹುದು. ಅದೇ ಪೈಪರಜೀನ್ ಉಂಗುರಕ್ಕೆ ಎರಡು ಬಾಲ ಜೋಡಿಸಿದರೆ ಈ ಆನೆಕಾಲು ರೋಗದ ಔಷಧ. ಒಂದೇ ಚೌಕಟ್ಟು, ಬೇರೆ ಬಾಲ, ಬೇರೆ ಹುಳು.

ಈಗ ಆಲ್ಬೆಂಡಜೋಲ್ ಕಟ್ಟುವ ಬಗೆ ನೋಡೋಣ. ತಾಯಂದಿರು ಹೊಸಿಲ ಮುಂದೆ ಚುಕ್ಕಿ ಇಟ್ಟು ರಂಗೋಲಿ ಬಿಡಿಸುತ್ತೀರಿ. ಆರು ಚುಕ್ಕಿಗಳನ್ನು ಸುತ್ತಲೂ ಸೇರಿಸಿ. ಅದು ಬೆಂಜೀನ್ ಉಂಗುರ, ಆರೂ ಚುಕ್ಕಿ ಇಂಗಾಲ. ಅದರ ಒಂದು ಗೆರೆಯನ್ನು ಹಂಚಿಕೊಂಡು ಪಕ್ಕದಲ್ಲಿ ಐದು ಚುಕ್ಕಿಯ ಇನ್ನೊಂದು ಉಂಗುರ ಬಿಡಿಸಿ. ಈ ಎರಡನೆಯ ಉಂಗುರದಲ್ಲಿ ಎರಡು ಚುಕ್ಕಿ ಸಾರಜನಕ, ಉಳಿದದ್ದು ಇಂಗಾಲ. ಎರಡೂ ಸೇರಿ ಒಂಬತ್ತು ಚುಕ್ಕಿ. ಇದಕ್ಕೆ ಬೆಂಜಿಮಿಡಜೋಲ್ ಎಂದು ಹೆಸರು. ಮಾತ್ರೆಯ ಹೆಸರಿನ ಕೊನೆಯಲ್ಲಿ ಬರುವ 'ಬೆಂಡಜೋಲ್' ಇದರ ಗುರುತು. ಈ ರಂಗೋಲಿಯ ಒಂದು ಪಕ್ಕಕ್ಕೆ ಗಂಧಕದ ಒಂದು ಪರಮಾಣು, ಅದರ ತುದಿಗೆ ಮೂರು ಇಂಗಾಲದ ಬಾಲ. ಇನ್ನೊಂದು ಪಕ್ಕಕ್ಕೆ ಸಾರಜನಕ ಮತ್ತು ಆಮ್ಲಜನಕ ಇರುವ ಕಾರ್ಬಮೇಟ್ ಎಂಬ ಗುಂಪು. ಒಟ್ಟು 12 ಇಂಗಾಲ, 15 ಜಲಜನಕ, 3 ಸಾರಜನಕ, 2 ಆಮ್ಲಜನಕ, 1 ಗಂಧಕ. ಮೂವತ್ಮೂರು ಪರಮಾಣುಗಳು ಸೇರಿ ಆಲ್ಬೆಂಡಜೋಲಿನ ಒಂದು ಅಣು.

ಇದನ್ನು ಕಟ್ಟುವ ಒಂದು ರೂಢಿಯ ದಾರಿ ನಾಲ್ಕು ಹೆಜ್ಜೆಯದು. ಮೊದಲು ಆರ್ಥೋ ನೈಟ್ರೋ ಅನಿಲೀನ್ ಎಂಬ ಹಳದಿ ವಸ್ತುವನ್ನು ತೆಗೆದುಕೊಳ್ಳುತ್ತಾರೆ. ಬೆಂಜೀನ್ ಉಂಗುರದ ಅಕ್ಕಪಕ್ಕದ ಎರಡು ಮೂಲೆಗಳಲ್ಲಿ ಒಂದರಲ್ಲಿ ಅಮೈನ್, ಇನ್ನೊಂದರಲ್ಲಿ ನೈಟ್ರೋ ಗುಂಪು ಇರುವ ವಸ್ತು ಅದು. ಮೊದಲ ಹೆಜ್ಜೆಯಲ್ಲಿ ಅಮೈನಿನ ನೇರ ಎದುರು ಮೂಲೆಗೆ ಗಂಧಕವಿರುವ ಥಯೋಸಯನೇಟ್ ಗುಂಪನ್ನು ಕೂರಿಸುತ್ತಾರೆ. ಎರಡನೆಯದರಲ್ಲಿ ಆ ಗಂಧಕಕ್ಕೆ ಮೂರು ಇಂಗಾಲದ ಬಾಲ ಜೋಡಿಸುತ್ತಾರೆ. ಮೂರನೆಯದರಲ್ಲಿ ನೈಟ್ರೋ ಗುಂಪಿನ ಆಮ್ಲಜನಕವನ್ನು ತೆಗೆದು ಅದನ್ನೂ ಅಮೈನ್ ಮಾಡುತ್ತಾರೆ. ಈಗ ಅಕ್ಕಪಕ್ಕ ಎರಡು ಅಮೈನ್‌ಗಳು, ಚಾಚಿದ ಎರಡು ಕೈಗಳ ಹಾಗೆ. ನಾಲ್ಕನೆಯ ಹೆಜ್ಜೆಯಲ್ಲಿ ಸಯನಮೈಡ್‌ನಿಂದ ತಯಾರಿಸಿದ ಒಂದು ಸಣ್ಣ ಅಣು ಬಂದು ಆ ಎರಡೂ ಕೈಗಳನ್ನು ಹಿಡಿಯುತ್ತದೆ. ಐದು ಚುಕ್ಕಿಯ ಉಂಗುರ ಮುಚ್ಚಿಕೊಳ್ಳುತ್ತದೆ. ಆಲ್ಬೆಂಡಜೋಲ್ ಬಿಳಿ ಪುಡಿಯಾಗಿ ಬೇರ್ಪಡುತ್ತದೆ.

ಇಷ್ಟನ್ನು ಹೇಳಲು ನಾನು ಬಳಸಿದ ಪದಗಳನ್ನು ಗಮನಿಸಿ. ಅಮೈನ್, ನೈಟ್ರೋ, ಬೆಂಜೀನ್ ಇವು ಹೆಸರುಗಳು. ತಮಿಳಿನಲ್ಲೂ, ಜಪಾನಿನಲ್ಲೂ, ಜರ್ಮನಿಯಲ್ಲೂ ಹೆಚ್ಚುಕಡಿಮೆ ಇವೇ ಹೆಸರು. ಆದರೆ 'ಜೋಡಿಸು, ಎದುರು ಮೂಲೆ, ಬಾಲ, ಕೈ ಹಿಡಿ, ಉಂಗುರ ಮುಚ್ಚು' ಎಂಬ ಅರ್ಥದ ಭಾಗವೆಲ್ಲಾ ಕನ್ನಡ. ಮಗುವಿಗೆ ರಸಾಯನಶಾಸ್ತ್ರ ಅರ್ಥವಾಗುವುದು ಈ ಎರಡನೆಯ ಭಾಗದಿಂದ. ಹೆಸರನ್ನು ಯಾವಾಗ ಬೇಕಾದರೂ ಕಲಿಯಬಹುದು.

ಈ ಅಣು ಹುಳುವಿಗೆ ಏನು ಮಾಡುತ್ತದೆ? ಪ್ರತಿಯೊಂದು ಜೀವಕೋಶದ ಒಳಗೂ ಸಣ್ಣ ಸಣ್ಣ ಕೊಳವೆಗಳ ಒಂದು ಚೌಕಟ್ಟು ಇದೆ. ಚಪ್ಪರಕ್ಕೆ ಬಿದಿರಿನ ಗಳ ಇದ್ದಂತೆ. ಟ್ಯೂಬುಲಿನ್ ಎಂಬ ಪ್ರೋಟೀನ್ ಒಂದಕ್ಕೊಂದು ಸೇರಿ ಆ ಗಳಗಳಾಗುತ್ತವೆ. ಆಲ್ಬೆಂಡಜೋಲ್ ಹೋಗಿ ಹುಳುವಿನ ಟ್ಯೂಬುಲಿನ್‌ಗೆ ಅಂಟಿಕೊಳ್ಳುತ್ತದೆ. ಗಳ ಬೆಳೆಯುವುದು ನಿಲ್ಲುತ್ತದೆ. ಆಗ ಹುಳುವಿನ ಕರುಳಿನ ಕೋಶಗಳು ಗ್ಲೂಕೋಸನ್ನು ಒಳಗೆ ತೆಗೆದುಕೊಳ್ಳಲಾರವು. ಕೂಡಿಟ್ಟ ಶಕ್ತಿಯೂ ಮುಗಿಯುತ್ತದೆ. ಹೊಟ್ಟೆ ತುಂಬ ಅನ್ನದ ನಡುವೆಯೇ ಹುಳು ಹಸಿವಿನಿಂದ ಸಾಯುತ್ತದೆ. ನಮ್ಮ ಶರೀರದಲ್ಲೂ ಟ್ಯೂಬುಲಿನ್ ಇದೆ. ಆದರೆ ಅದರ ಆಕಾರ ಸ್ವಲ್ಪ ಬೇರೆಯಾದ್ದರಿಂದ ಈ ಔಷಧ ಅದಕ್ಕೆ ಬಿಗಿಯಾಗಿ ಅಂಟುವುದಿಲ್ಲ. ಜೊತೆಗೆ ಮಾತ್ರೆಯ ಹೆಚ್ಚು ಭಾಗ ಕರುಳಿನಲ್ಲೇ ಉಳಿದು, ರಕ್ತಕ್ಕೆ ಸೇರುವುದು ಕಡಿಮೆ. ನಿಮ್ಮ ಮಗು ಕೇಳಿದ ಎರಡನೆಯ ಪ್ರಶ್ನೆಗೆ ಉತ್ತರ ಇದೇ.

ಇಂಥ ಔಷಧ ಒಮ್ಮೆಲೇ ದೊರೆಯುವುದಿಲ್ಲ. ಬೆಂಜಿಮಿಡಜೋಲ್ ಕುಲದ ಮೊದಲ ದೊಡ್ಡ ಹುಳುಮದ್ದು ಥಯಾಬೆಂಡಜೋಲ್, 1961ರಲ್ಲಿ ಅಮೆರಿಕದ ಮರ್ಕ್ ಕಂಪನಿಯಿಂದ ಬಂತು. ಶರೀರ ಅದನ್ನು ಬೇಗ ಕೆಡಿಸುತ್ತಿತ್ತು. ರಸಾಯನಜ್ಞರು ಉಂಗುರವನ್ನು ಹಾಗೇ ಇಟ್ಟುಕೊಂಡು ಪಕ್ಕದ ಗುಂಪುಗಳನ್ನು ಬದಲಿಸುತ್ತಾ ಹೋದರು. 1970ರ ದಶಕದಲ್ಲಿ ಸ್ಮಿತ್ ಕ್ಲೈನ್ ಕಂಪನಿಯವರು ಆಲ್ಬೆಂಡಜೋಲ್ ಕಟ್ಟಿದ್ದು ದನಕುರಿಗಳ ಹುಳುವಿಗಾಗಿ. ಮನುಷ್ಯರಿಗೆ ಬಂದದ್ದು ಆಮೇಲೆ. ಮತ್ತಿಗಿರಿಯ ಸರ್ಕಾರಿ ಜಾನುವಾರು ಫಾರ್ಮನ್ನು ದಿನವೂ ನೋಡುವ, ಕುರಿಗೆ ಹುಳುಮದ್ದು ಕುಡಿಸಿ ಅಭ್ಯಾಸವಿರುವ ನಿಮಗೆ ಇದು ಆಶ್ಚರ್ಯದ ಮಾತಲ್ಲ.

ಪ್ರಯೋಗಾಲಯದಲ್ಲಿ ಭರವಸೆ ಹುಟ್ಟಿಸಿದ್ದೆಲ್ಲಾ ಮಾತ್ರೆಯಾಗುವುದೂ ಇಲ್ಲ. ನಮ್ಮ ಪಕ್ಕದ ಬೆಂಗಳೂರಿನಲ್ಲೇ ಒಂದು ಉದಾಹರಣೆ ಇದೆ. 2001ರಲ್ಲಿ ಜವಾಹರಲಾಲ್ ನೆಹರೂ ವಿಜ್ಞಾನ ಕೇಂದ್ರದ ನಮಿತಾ ಸುರೋಲಿಯಾ ಮತ್ತು ಭಾರತೀಯ ವಿಜ್ಞಾನ ಸಂಸ್ಥೆಯ ಅವಧೇಶ ಸುರೋಲಿಯಾ ಅವರು, ಸೋಪು ಮತ್ತು ಟೂತ್‌ಪೇಸ್ಟ್‌ಗಳಲ್ಲಿ ಹಾಕುತ್ತಿದ್ದ ಟ್ರೈಕ್ಲೋಸಾನ್ ಎಂಬ ಸಂಶ್ಲೇಷಿತ ಸಂಯುಕ್ತವು ಮಲೇರಿಯಾ ಪರೋಪಜೀವಿಯನ್ನು ಕೊಲ್ಲುತ್ತದೆ ಎಂದು ತೋರಿಸಿದರು. ಪರೋಪಜೀವಿ ಕೊಬ್ಬಿನ ಆಮ್ಲಗಳನ್ನು ತಯಾರಿಸಿಕೊಳ್ಳುವ ದಾರಿಯನ್ನು ಅದು ತಡೆಯುತ್ತದೆ ಎಂಬುದು ವಿವರಣೆ. ಪ್ರಪಂಚವೇ ಗಮನಿಸಿದ ಕೆಲಸ ಅದು. ಕೆಲವು ವರ್ಷಗಳ ನಂತರ ಬೇರೆ ಪ್ರಯೋಗಾಲಯಗಳಲ್ಲಿ, ರಕ್ತದಲ್ಲಿರುವಾಗ ಪರೋಪಜೀವಿಗೆ ಆ ದಾರಿ ಅನಿವಾರ್ಯವಲ್ಲ, ಯಕೃತ್ತಿನಲ್ಲಿ ಬೆಳೆಯುವ ಕೊನೆಯ ಹಂತದಲ್ಲಿ ಮಾತ್ರ ಅಗತ್ಯ ಎಂದು ಕಂಡುಬಂತು. ಟ್ರೈಕ್ಲೋಸಾನ್ ಮಲೇರಿಯಾ ಮಾತ್ರೆಯಾಗಲಿಲ್ಲ. ಆದರೆ ಪರೋಪಜೀವಿಯ ಒಳಗಿನ ಲೆಕ್ಕಾಚಾರದ ಬಗ್ಗೆ ತಿಳಿವಳಿಕೆ ಬೆಳೆಯಿತು. ವಿಜ್ಞಾನ ಹೀಗೆ ನಡೆಯುತ್ತದೆ ಎಂಬುದನ್ನೂ ಮಕ್ಕಳಿಗೆ ಹೇಳಬೇಕು.

ಇದೇ ಕಾರಣಕ್ಕೆ ಇನ್ನೊಂದು ಮಾತು. ಮುತ್ತುಗದ ಬೀಜ ಹುಳುವಿಗೆ ಮದ್ದು ಎಂದು ನಮ್ಮ ಹಿರಿಯರು ಹೇಳುತ್ತಿದ್ದರು. ಅದು ಸುಳ್ಳಲ್ಲ; ಆ ಬೀಜದಿಂದ ಪಲಾಸೋನಿನ್ ಎಂಬ ಹುಳುನಾಶಕ ಸಂಯುಕ್ತವನ್ನು ನಮ್ಮ ದೇಶದ ರಸಾಯನಜ್ಞರೇ 1960ರ ದಶಕದಲ್ಲಿ ಬೇರ್ಪಡಿಸಿದ್ದಾರೆ. ಆದರೆ ಒಂದು ಬೀಜದಲ್ಲಿ ಎಷ್ಟಿದೆ, ಎಷ್ಟು ಕೊಟ್ಟರೆ ಮದ್ದು, ಎಷ್ಟು ಮೀರಿದರೆ ವಿಷ ಎಂದು ಮನೆಯಲ್ಲಿ ಅಳೆಯಲು ಆಗುವುದಿಲ್ಲ. ಅಳತೆ ಕೈಗೆ ಸಿಗುವುದು ಶುದ್ಧ ಸಂಯುಕ್ತವನ್ನು ತೂಗಿದಾಗ. ಆದ್ದರಿಂದ ಹಿರಿಯರ ಮಾತನ್ನು ಗೌರವಿಸಿ, ಮಗುವಿಗೆ ಬೀಜ ಅರೆದು ಕುಡಿಸಬೇಡಿ.

ಮಾತ್ರೆಯೊಂದೇ ಸಾಲದು ಎಂಬುದೂ ನೆನಪಿರಲಿ. ಕುರಿ ಮೇಕೆಗಳಲ್ಲಿ ಈ ಕುಲದ ಮದ್ದುಗಳಿಗೆ ಬಗ್ಗದ ಹುಳುಗಳು ಲೋಕದ ಅನೇಕ ಕಡೆ ಹುಟ್ಟಿಕೊಂಡಿವೆ. ಹುಳುವಿನ ಟ್ಯೂಬುಲಿನ್ ನೂರಾರು ಕೊಂಡಿಗಳ ಸರ. ಅದರ ಇನ್ನೂರನೆಯ ಸ್ಥಾನದಲ್ಲಿ ಒಂದೇ ಒಂದು ಕೊಂಡಿ ಬದಲಾದರೆ ಸಾಕು, ಔಷಧ ಅಂಟುವುದಿಲ್ಲ. ಒಂದು ಅಕ್ಷರ ಬದಲಾಗಿ 'ಕಾಲು' ಹೋಗಿ 'ಹಾಲು' ಆದ ಹಾಗೆ. ಅದೇ ಮದ್ದನ್ನು ಮತ್ತೆ ಮತ್ತೆ, ಅಳತೆ ತಪ್ಪಿ ಕೊಟ್ಟಾಗ ಇಂಥ ಹುಳುಗಳೇ ಉಳಿದು ಹೆಚ್ಚುತ್ತವೆ. ಮಾತ್ರೆ ಹೊಟ್ಟೆಯಲ್ಲಿರುವ ಹುಳುವನ್ನು ಕೊಲ್ಲುತ್ತದೆ. ನಾಳೆ ಮಣ್ಣಿನಿಂದ ಬರುವ ಹುಳುವನ್ನು ತಡೆಯುವುದಿಲ್ಲ. ಅದಕ್ಕೆ ಬೇಕಾದದ್ದು ಶೌಚಾಲಯ, ಕಾಲಿಗೆ ಚಪ್ಪಲಿ, ಊಟಕ್ಕೆ ಮುಂಚೆ ಸೋಪಿನಲ್ಲಿ ಕೈತೊಳೆಯುವುದು, ತರಕಾರಿ ತೊಳೆಯುವುದು.

ಈಗ ನಮ್ಮ ಹಕ್ಕಿನ ಮಾತಿಗೆ ಬರುತ್ತೇನೆ. ಮಾತ್ರೆಯ ದಿನ ಶಾಲೆಯಿಂದ ಒಂದು ಚೀಟಿ ಬರಬಹುದು. ಅದರಲ್ಲಿ ಏನಿರಬೇಕು? ಆ ದಿನ ಜ್ವರ ಅಥವಾ ಬೇರೆ ಕಾಯಿಲೆ ಇರುವ ಮಗುವಿಗೆ ಮಾತ್ರೆ ಕೊಡಬಾರದು. ಗುಣವಾದ ಮೇಲೆ, ತಪ್ಪಿದವರಿಗಾಗಿ ಇಟ್ಟ ದಿನದಲ್ಲಿ ಕೊಡಬಹುದು. ಫಿಟ್ಸ್ ಬರುವ ಮಗುವಿದ್ದರೆ, ದಿನವೂ ಬೇರೆ ಔಷಧ ತೆಗೆದುಕೊಳ್ಳುವ ಮಗುವಿದ್ದರೆ ಮುಂಚೆಯೇ ಟೀಚರ್‌ಗೂ ನರ್ಸಮ್ಮನಿಗೂ ತಿಳಿಸಬೇಕು. ಪುಟ್ಟ ಮಕ್ಕಳಿಗೆ ಮಾತ್ರೆಯನ್ನು ಪುಡಿಮಾಡಿ ನೀರಿನಲ್ಲಿ ಕೊಡಬೇಕು. ಇಡೀ ಮಾತ್ರೆ ಗಂಟಲಿಗೆ ಸಿಕ್ಕಿಕೊಳ್ಳಬಹುದು. ಹುಳು ಹೆಚ್ಚಿದ್ದ ಮಗುವಿಗೆ ಸ್ವಲ್ಪ ಹೊಟ್ಟೆನೋವು, ವಾಕರಿಕೆ ಬರಬಹುದು. ಸಾಮಾನ್ಯವಾಗಿ ಬೇಗ ಇಳಿಯುತ್ತದೆ, ಇಳಿಯದಿದ್ದರೆ ಆಸ್ಪತ್ರೆಗೆ ಕರೆದೊಯ್ಯಬೇಕು. ಇಷ್ಟೂ ವಿಷಯ ತಾಯಿ ಓದಲಾರದ ಭಾಷೆಯಲ್ಲಿ ಬಂದರೆ ಚೀಟಿ ಬಂದರೂ ಬಾರದ ಹಾಗೆ. ಭಾಷಾ ಅಲ್ಪಸಂಖ್ಯಾತರ ಹಕ್ಕು ಎಂಬುದು ಮೆರವಣಿಗೆಯ ಘೋಷಣೆ ಎಂದು ಕೆಲವರು ತಿಳಿದಿದ್ದಾರೆ. ಫಿಟ್ಸ್ ಇರುವ ಮಗುವಿನ ತಾಯಿಗೆ ಅದು ಒಂದು ಚೀಟಿಯ ಮೇಲಿನ ನಾಲ್ಕು ಸಾಲು.

ಕಾನೂನು ನಮ್ಮ ಕಡೆ ಇದೆ. ರಾಜ್ಯಗಳ ಪುನರ್ವಿಂಗಡಣೆಯಾದ 1956ರಲ್ಲಿ ಸಂವಿಧಾನಕ್ಕೆ 350ಎ ವಿಧಿ ಸೇರಿತು. ಪ್ರಾಥಮಿಕ ಹಂತದಲ್ಲಿ ತಾಯಿನುಡಿಯಲ್ಲಿ ಕಲಿಸಲು ತಕ್ಕ ಅನುಕೂಲ ಮಾಡಿಕೊಡಲು ಪ್ರತಿ ರಾಜ್ಯವೂ ಯತ್ನಿಸಬೇಕು ಎಂದು ಅದು ಹೇಳುತ್ತದೆ. ಅದಕ್ಕೂ ಮುಂಚೆ 1949ರಲ್ಲೇ ಶಿಕ್ಷಣ ಮಂತ್ರಿಗಳ ಸಮ್ಮೇಳನವು, ಇಡೀ ಶಾಲೆಯಲ್ಲಿ 40 ಅಥವಾ ಒಂದು ತರಗತಿಯಲ್ಲಿ 10 ಮಕ್ಕಳಿದ್ದರೆ ಅವರ ಭಾಷೆಯ ಶಿಕ್ಷಕರನ್ನು ಕೊಡಬೇಕೆಂಬ ಸೂತ್ರವನ್ನು ಒಪ್ಪಿತ್ತು. ಅಲ್ಪಸಂಖ್ಯಾತ ಭಾಷಿಕರು ಶೇಕಡಾ 15ರಿಂದ 20ರಷ್ಟಿರುವ ತಾಲ್ಲೂಕು, ಪುರಸಭೆಗಳಲ್ಲಿ ಮುಖ್ಯ ಪ್ರಕಟಣೆಗಳನ್ನು ಅವರ ಭಾಷೆಯಲ್ಲೂ ಹೊರಡಿಸಬೇಕೆಂದು 1956ರ ಕೇಂದ್ರ ಸರ್ಕಾರದ ಮೆಮೊರ‍್ಯಾಂಡಂ ಹೇಳಿತು. ಕೇಳದಿದ್ದರೆ ಇವು ಕಾಗದದಲ್ಲೇ ಉಳಿಯುತ್ತವೆ.

ಇಲ್ಲಿ ಒಂದು ಗೊಂದಲ ಬಿಡಿಸಬೇಕು. 2006ರ ತಮಿಳು ಕಲಿಕೆ ಕಾಯ್ದೆಯ ಪ್ರಕಾರ ಒಂದನೇ ತರಗತಿಯಿಂದ ಆರಂಭಿಸಿ ಹಂತಹಂತವಾಗಿ ತಮಿಳು ಕಡ್ಡಾಯ ಪಾಠವಾಯಿತು. "ಇನ್ನೇನು, ಕನ್ನಡ ಮಾಧ್ಯಮ ಮುಗಿಯಿತು" ಎಂದು ಹಲವರು ತಿಳಿದರು. ಕಾಯ್ದೆ ಹೇಳುವುದು ಭಾಷಾಪಾಠದ ಬಗ್ಗೆ. ವಿಜ್ಞಾನವನ್ನು, ಗಣಿತವನ್ನು ಕನ್ನಡದಲ್ಲಿ ಓದುವ ಹಕ್ಕು ಬೇರೆಯೇ ವಿಷಯ. ನಮ್ಮ ಮಕ್ಕಳು ತಮಿಳನ್ನು ಚೆನ್ನಾಗಿ ಕಲಿಯಲಿ. ನೆರೆಹೊರೆಯ ಭಾಷೆ ಅದು, ನಾಳೆಯ ಉದ್ಯೋಗದ ಭಾಷೆಯೂ ಹೌದು. ಮಾತ್ರೆಯ ದಿನದ ಫಲಕದಲ್ಲಿ ತಮಿಳಿನಲ್ಲಿ ಬರೆದಿರುವ 'ಪುಳು' ನಮ್ಮ 'ಹುಳು'ವೇ. ಹಳಗನ್ನಡದ 'ಪ'ಕಾರ ನಮ್ಮ ಬಾಯಲ್ಲಿ 'ಹ'ಕಾರವಾಯಿತು, ಅವರಲ್ಲಿ ಹಾಗೇ ಉಳಿಯಿತು. ಒಂದೇ ಮನೆಯ ಎರಡು ಕವಲು. ತಮಿಳು ಕಲಿಯುವುದಕ್ಕಾಗಿ ಕನ್ನಡದಲ್ಲಿ ಯೋಚಿಸುವುದನ್ನು ಬಿಡಬೇಕಾಗಿಲ್ಲ.

ಮುಂದೆ ಕಾಲೇಜಿಗೆ ಹೋದಾಗ ಎಲ್ಲಾ ಇಂಗ್ಲಿಷ್‌ನಲ್ಲಿ ಇರುತ್ತದಲ್ಲ ಎಂದು ನೀವು ಕೇಳಬಹುದು. ಕೇಳಬೇಕಾದ ಪ್ರಶ್ನೆಯೇ. ಕಷ್ಟ ಇರುವುದು ನಿಜ. ಅದನ್ನು ಮುಚ್ಚಿಡುವುದು ಸರಿಯಲ್ಲ. ಎಂಟನೇ ತರಗತಿಯಿಂದಲೇ ಮಗುವಿಗೆ ಎರಡು ಕಾಲಂ ಇರುವ ಒಂದು ನೋಟ್‌ಬುಕ್ ಮಾಡಿಸಿ. ಎಡಗಡೆ 'ಸಂಶ್ಲೇಷಣೆ, ಸಂಯುಕ್ತ, ಪರೋಪಜೀವಿ, ಆಮ್ಲಜನಕ'. ಬಲಗಡೆ ಅದರ ಇಂಗ್ಲಿಷ್ ಪದ. ದಿನಕ್ಕೆ ಎರಡು ಪದ ಬರೆದರೂ ಹತ್ತನೇ ತರಗತಿ ಮುಗಿಯುವಷ್ಟರಲ್ಲಿ ಸಾವಿರ ಪದ ದಾಟುತ್ತದೆ. ಅರ್ಥ ತಿಳಿದ ಮಗುವಿಗೆ ಹೆಸರು ಕಲಿಯುವುದು ಕೆಲವು ತಿಂಗಳ ಕೆಲಸ. ಹೆಸರನ್ನು ಮಾತ್ರ ಬಾಯಿಪಾಠ ಮಾಡಿದ ಮಗುವಿಗೆ ಅರ್ಥ ಯಾವಾಗ ಬರುತ್ತದೆಂದು ಹೇಳುವವರಿಲ್ಲ. ಓದಲು ಸಾಮಗ್ರಿಯೂ ಇದೆ. 1978ರಲ್ಲಿ ಆರಂಭವಾದ 'ಬಾಲ ವಿಜ್ಞಾನ' ಮಾಸಪತ್ರಿಕೆಯ ಹಳೆಯ ಸಂಚಿಕೆ ಸಿಕ್ಕರೂ ಬಿಡಬೇಡಿ, ಶಾಲೆಯ ಲೈಬ್ರರಿಗೆ ತಂದಿಡಿ.

ಕೊನೆಯದಾಗಿ ಮೂರು ಕೆಲಸ ನಿಮ್ಮ ಕೈಯಲ್ಲಿದೆ. ಒಂದು, ಮುಂದಿನ ಮಾತ್ರೆಯ ದಿನಕ್ಕೆ ಹದಿನೈದು ದಿನ ಮುಂಚೆ ಮುಖ್ಯೋಪಾಧ್ಯಾಯರಿಗೂ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೂ ಅರ್ಜಿ ಕೊಡಿ: ಚೀಟಿ ತಮಿಳಿನ ಜೊತೆಗೆ ಕನ್ನಡದಲ್ಲೂ ಇರಲಿ ಎಂದು. ಬರೆದುಕೊಡುವವರಿಲ್ಲ ಎಂದರೆ ನಾವೇ ಬರೆದುಕೊಡೋಣ. ನಾಲ್ಕು ಸಾಲಿನ ಕೆಲಸ. ಎರಡು, ಪೋಷಕರ ಸಭೆಯಲ್ಲಿ ಕನ್ನಡ ಮಾಧ್ಯಮದ ವಿಜ್ಞಾನ ಪುಸ್ತಕ ಜೂನ್ ತಿಂಗಳಲ್ಲೇ ಮಕ್ಕಳ ಕೈ ಸೇರಿತೇ, ವಿಜ್ಞಾನ ಹೇಳಲು ಕನ್ನಡ ಬಲ್ಲ ಶಿಕ್ಷಕರು ಇದ್ದಾರೆಯೇ ಎಂದು ಕೇಳಿ, ಉತ್ತರವನ್ನು ನಡವಳಿ ಪುಸ್ತಕದಲ್ಲಿ ಬರೆಸಿ. ಹುದ್ದೆ ಖಾಲಿ ಇದ್ದರೆ ಎಷ್ಟು ತಿಂಗಳಿಂದ ಎಂಬುದೂ ಅಲ್ಲಿ ಇರಲಿ. ಮೂರು, ಮನೆಯಲ್ಲಿ ಮಗು ಪ್ರಶ್ನೆ ಕೇಳಿದಾಗ "ಅದು ಇಂಗ್ಲಿಷ್‌ನಲ್ಲಿ ಇರುತ್ತದೆ" ಎನ್ನಬೇಡಿ. ಗೊತ್ತಿಲ್ಲದಿದ್ದರೆ "ನಾಳೆ ಟೀಚರ್‌ನ ಕೇಳಿಕೊಂಡು ಬಾ, ನನಗೂ ಹೇಳು" ಅನ್ನಿ. ಹೇಳಿಕೊಡುವಾಗಲೇ ಮಗು ನಿಜವಾಗಿ ಕಲಿಯುತ್ತದೆ.

ನಿಮ್ಮ ಮಕ್ಕಳಲ್ಲಿ ಒಬ್ಬರು ಮುಂದೆ ಹೊಸ ಸಂಯುಕ್ತವೊಂದನ್ನು ಕಟ್ಟುತ್ತಾರೆಂದು ನಾನು ಭವಿಷ್ಯ ಹೇಳಲಾರೆ. ಆದರೆ ಆಲ್ಬೆಂಡಜೋಲಿಗೆ ಬಗ್ಗದ ಹುಳು ಬಂದರೆ ಬೇರೆ ಔಷಧ ಬೇಕೇ ಬೇಕು. ಅದನ್ನು ಕಟ್ಟುವವರು ಎಲ್ಲಿಂದಲಾದರೂ ಬರಲೇಬೇಕು. ಆರು ಚುಕ್ಕಿಯ ಪಕ್ಕ ಐದು ಚುಕ್ಕಿಯ ರಂಗೋಲಿಯನ್ನು ಕನ್ನಡದಲ್ಲಿ ಅರ್ಥಮಾಡಿಕೊಂಡ ಮಗುವಿಗೆ ಆ ಬಾಗಿಲು ಮುಚ್ಚಿಲ್ಲ. ಮುಚ್ಚದಂತೆ ನೋಡಿಕೊಳ್ಳುವುದು ನಮ್ಮ ನಿಮ್ಮ ಕೆಲಸ.